ಅಪ್ಪನ ಗಾಳದ ಟ್ರಂಕ್ ಸಿಕ್ಕಿದೆ, ಏನು ಮಾಡಲಿ?

ಹಲಗೂರು ಹೈದ:
ಅಪ್ಪ ಹೋಗಿ 4 ತಿಂಗಳಾಯ್ತು. ಹೋದ ವಾರ ಊರಿಗೆ ಹೋದಾಗ ಅಮ್ಮ ಅಟ್ಟದಿಂದ ಒಂದು ತಗಡಿನ ಟ್ರಂಕ್ ಇಳಿಸಿದರು. "ಇದನ್ನ ನೀನು ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಯವನಿಗೆ ಹಾಕ್ತೀನಿ" ಅಂದರು. ತೆಗೆದು ನೋಡಿದರೆ ಪೂರ್ತಿ ಗಾಳದ ಸಾಮಾನು.

ನಾನು ಹುಟ್ಟೋ ಮೊದಲು, 1980ರ ದಶಕದಲ್ಲಿ, ಅಪ್ಪ ಭೀಮೇಶ್ವರಿ ಕಡೆ ಕಾವೇರಿಯಲ್ಲಿ ಮಹಶೀರ್ ಮೀನು ಹಿಡಿಯೋಕೆ ಬರುತ್ತಿದ್ದ ಫಾರಿನ್ನವರಿಗೆ ತೆಪ್ಪ ಹಾಕುತ್ತಿದ್ದರಂತೆ. ಆಮೇಲೆ ಅದನ್ನ ಬಿಟ್ಟು ಊರಲ್ಲೇ ಹಿಟ್ಟಿನ ಗಿರಣಿ ಇಟ್ಟರು. ನಾನು ಕಂಡ ಅಪ್ಪ ಗಿರಣಿ ಅಪ್ಪ. ರೆಪ್ಪೆ ಮೇಲೆಲ್ಲ ಹಿಟ್ಟು. ಹೊಳೆ ವಿಷಯ ಎತ್ತುತ್ತಲೇ ಇರಲಿಲ್ಲ.

ಒಳಗೆ ಒಂದು ಕೆಂಪು ರೀಲ್ ಇದೆ. ಮೇಲೆ ಅಂಬಾಸಡರ್ 7000 ಅಂತ ಬರೆದಿದೆ, ನಾನು ಕಾರಿನ ಪಾರ್ಟ್ ಅಂದುಕೊಂಡಿದ್ದೆ, ನಗಬೇಡಿ. ಹಿಡಿ ತಿರುಗೋದಿಲ್ಲ. ಎರಡು ತುಂಡಿನ ಕೋಲಿದೆ, ತುದಿಯ ರಿಂಗ್ ಇಲ್ಲ. ಹಾರ್ಲಿಕ್ಸ್ ಬಾಟಲಿ ತುಂಬ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡ ಗಾಳಗಳು. ಒಂದಿಷ್ಟು ಸೀಸದ ಪಟ್ಟಿಗಳು, ಕೆಲವು ಸುರುಳಿ ಸುತ್ತಿವೆ. ಇವು ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಆದರೆ ಒಂದು ಪಟ್ಟಿಯ ತುದಿಯಲ್ಲಿ ಹಲ್ಲಿನ ಗುರುತಿದೆ. ಅಪ್ಪನ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇತ್ತು, ಆ ಸಂದಿಯೂ ಹಾಗೇ ಮೂಡಿದೆ. ಅದನ್ನ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟೆ.

ಆಫೀಸಲ್ಲಿ ಒಬ್ಬರು ರೀಲ್‌ಗೆ 2000 ಕೊಡ್ತೀನಿ ಅಂತಿದ್ದಾರೆ. ಕೊಡಬಹುದಾ? ಇಟ್ಟುಕೊಂಡರೆ ರಿಪೇರಿ ಹೇಗೆ? ನಾನು ಜೀವನದಲ್ಲಿ ಗಾಳ ಹಾಕಿದವನಲ್ಲ.

ಕುಶಾಲನಗರ ಕಾಫಿ:
ಆಫೀಸಿನವರಿಗೆ ಒಂದು ಟೀ ಕುಡಿಸಿ ಕಳಿಸಿ ಗುರು. ಅದು ಸ್ವೀಡನ್ನಿನ ಆಬು ಕಂಪನಿಯ ರೀಲ್, ದೊಡ್ಡ ಮೀನಿಗೆ ಅಂತಲೇ ಮಾಡಿದ್ದು. ಹಿಡಿ ಅಲುಗಾಡದಿದ್ದರೆ ಮುಕ್ಕಾಲು ಪಾಲು ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತೆ ಅಷ್ಟೇ. ಜೋರು ಮಾಡಿ ತಿರುಗಿಸಬೇಡಿ, ಒಳಗಿನ ಚಕ್ರದ ಹಲ್ಲು ಸವೆದುಹೋದರೆ ಕತೆ ಮುಗೀತು. ಮೊದಲು ಹಿಡಿ ಹತ್ತಿರ ನಕ್ಷತ್ರದ ಥರ ಇರೋದನ್ನ ಪೂರ್ತಿ ಸಡಿಲ ಮಾಡಿ. ಆಮೇಲೆ ಪಕ್ಕದ ಸ್ಕ್ರೂ ಬಿಚ್ಚಿ. ಪ್ರತಿ ಹೆಜ್ಜೆಗೂ ಮೊಬೈಲಲ್ಲಿ ಫೋಟೋ ತೆಗೀರಿ, ಇಲ್ಲದಿದ್ದರೆ ಕೊನೆಗೆ ಒಂದು ಸ್ಪ್ರಿಂಗ್ ಕೈಯಲ್ಲೇ ಉಳಿಯುತ್ತೆ (ನನ್ನ ಹತ್ತಿರ ಈಗಲೂ ಒಂದು ಇದೆ). ಹಿತ್ತಾಳೆ ಚಕ್ರಗಳನ್ನ ಸೀಮೆಎಣ್ಣೆಯಲ್ಲಿ ಹಳೇ ಟೂತ್ ಬ್ರಷ್ ಹಾಕಿ ಉಜ್ಜಿ. ಬ್ರೇಕಿನ ವಾಷರ್‌ಗಳಿಗೆ ಮಾತ್ರ ಸೀಮೆಎಣ್ಣೆ ತಾಕಿಸಬೇಡಿ. ಒಣಗಿದ ಮೇಲೆ ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ, ಎರಡು ತಿಂಗಳಿಗೆ ಅಂಟಾಗುತ್ತೆ. ಕೆಂಪು ಬಣ್ಣದ ಮೇಲಿನ ಗೀರುಗಳನ್ನ ಪಾಲಿಷ್ ಮಾಡೋಕೆ ಹೋಗಬೇಡಿ. ಇನ್ನು ರೀಲಲ್ಲಿರೋ ತಂಗೂಸಿ (ಗಾಳದ ನೈಲಾನ್ ದಾರ) ಎಷ್ಟೇ ಚೆನ್ನಾಗಿ ಕಂಡರೂ ಕತ್ತರಿಸಿ ಬಿಸಾಕಿ, ಅದೂ ಹೊಳೆ ದಂಡೆಗಲ್ಲ, ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತೆ.

ಲೆಸ್ಟರ್ ಕನ್ನಡತಿ:
ಆ ಹಲ್ಲಿನ ಗುರುತಿನ ಸೀಸ ನಾನಾದರೂ ಇಟ್ಟುಕೊಳ್ಳುತ್ತಿದ್ದೆ. ಆದರೆ ಬರಿಗೈಲಿ ಮುಟ್ಟುತ್ತಾ ಕೂರಬೇಡಿ. ಹಳೇ ಸೀಸದ ಮೇಲೆ ಬೂದಿ ಥರ ಬಿಳೀ ಪುಡಿ ಇದ್ದರೆ ಅದು ವಿಷ. ಗ್ಲೌಸ್ ಹಾಕಿ, ಕೈ ತೊಳೀರಿ, ಮಕ್ಕಳ ಕೈಗೆ ಸಿಗದ ಹಾಗೆ ಮುಚ್ಚಳದ ಬಾಟಲಿಗೆ ಹಾಕಿ. ಕರಗಿಸಿ ಏನೋ ಮಾಡ್ತೀನಿ ಅಂತ ಅಡುಗೆಮನೆ ಒಲೆ ಮೇಲಂತೂ ಇಡಬೇಡಿ. ಇಲ್ಲಿ ಇಂಗ್ಲೆಂಡಲ್ಲಿ ಹಂಸಗಳು ನುಂಗಿ ಸಾಯುತ್ತವೆ ಅಂತ ಗಾಳಕ್ಕೆ ಹಾಕೋ ಸಣ್ಣ ಸೀಸದ ಗುಂಡುಗಳನ್ನ 1987ರಲ್ಲೇ ನಿಷೇಧ ಮಾಡಿದ್ದಾರೆ.

ಮಂಡ್ಯ ಮಾವ:
ಎಲ್ಲ ಸರಿ ಮಾಡಿಕೊಂಡು ಸೀದಾ ಭೀಮೇಶ್ವರಿ, ಮುತ್ತತ್ತಿ ಕಡೆ ಹೊರಡಬೇಡಪ್ಪ. ಅದು ಅಭಯಾರಣ್ಯ, 1987ರಿಂದ. ಈಗ ಅಲ್ಲಿ ಮೊದಲಿನ ಹಾಗೆ ಗಾಳ ಹಾಕೋಕೆ ಬಿಡಲ್ಲ. ಕೇಸಾಗುತ್ತೆ. ಡುಬ್ಬದ ಮಹಶೀರ್ ಅಂತೂ ಈಗ ಅಳಿವಿನ ಅಂಚಿನಲ್ಲಿದೆ. ಅಷ್ಟು ದೊಡ್ಡ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ ಅಂದ್ರೆ ನಂಬ್ತೀರಾ?

ತೆಪ್ಪದ ತಾತ:
ಮಗಾ, ಆ ಸೀಸದ ಪಟ್ಟಿ ಏನಕ್ಕೆ ಅಂತ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನಾನೂ ಆ ಕಡೆ ಒಂದೆರಡು ವರ್ಷ ತೆಪ್ಪ ಹಾಕಿದವನೇ. ಅಲ್ಲಿ ಹೊಳೆ ತಳವೆಲ್ಲ ಬಂಡೆ. ಸೀಸದ ಗುಂಡನ್ನ ಗಂಟು ಹಾಕಿ ಕಟ್ಟಿದರೆ ಬಂಡೆ ಸಂದಿಗೆ ಸಿಕ್ಕಿಕೊಂಡು ತಂಗೂಸಿ ಹರಿದುಹೋಗುತ್ತೆ, ಮೀನೂ ಹೋಗುತ್ತೆ, ದೊರೆ ಕೈಲಿ ಬೈಗುಳವೂ ಸಿಗುತ್ತೆ. ಅದಕ್ಕೆ ಪಟ್ಟಿಯನ್ನ ದಾರದ ಮೇಲೆ ಸುಮ್ನೆ ಸುರುಳಿ ಸುತ್ತೋದು. ಸಿಕ್ಕಿಕೊಂಡರೆ ಸೀಸ ಮಾತ್ರ ಜಾರಿ ಉಳಿಯುತ್ತೆ. ಒಂದು ಕೈಲಿ ಹುಟ್ಟು, ಇನ್ನೊಂದು ಕೈಲಿ ದಾರ, ತುದಿ ಮಡಚೋಕೆ ಹಲ್ಲು ಬಿಟ್ಟು ಇನ್ನೇನಿದೆ? ವಿಷ ಅಂತ ಆಗ ಯಾರಿಗೆ ಗೊತ್ತಿತ್ತು. ಇನ್ನು ಗಾಳಕ್ಕೆ ಚುಚ್ಚುತ್ತಿದ್ದದ್ದು ರಾಗಿ. ಹಿಟ್ಟು ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಗಾಳ ಕಾಣದ ಹಾಗೆ ಮೆತ್ತೋದು. ಮುದ್ದೆಗಿಂತ ಗಟ್ಟಿ ಇರಬೇಕು, ಇಲ್ಲದಿದ್ದರೆ ಸೆಳವಿಗೆ ಕರಗುತ್ತೆ. ಬೇಯಿಸೋ ಹದ ಎಲ್ಲರಿಗೂ ಬರುತ್ತಿರಲಿಲ್ಲ. ನಿಮ್ಮಪ್ಪ ಗಿರಣಿ ಇಟ್ಟರು ಅಂದೆಯಲ್ಲ, ಓದಿ ನಗು ಬಂತು.

ಹಲಗೂರು ಹೈದ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಊರಲ್ಲೇ ಜಗಲಿ ಮೇಲೆ ಪೇಪರ್ ಹಾಸಿಕೊಂಡು ಬಿಚ್ಚಿದೆ. ಗ್ರೀಸ್ ಬೆಲ್ಲದ ಪಾಕದ ಥರ ಆಗಿತ್ತು. ಹಿಡಿಯ ಸಂದಿಯಲ್ಲಿ ಕಂದು ಬಣ್ಣದ್ದೇನೋ ಕಲ್ಲಿನ ಹಾಗೆ ಕೂತಿತ್ತು. ತಾತ, ನಿಮ್ಮ ಮಾತು ಓದಿರದಿದ್ದರೆ ಕೆಸರು ಅಂತ ಕೆರೆದು ಹಾಕುತ್ತಿದ್ದೆ. ರಾಗಿಯೇ ಇರಬೇಕು, ಬಿಟ್ಟಿದ್ದೇನೆ.

ಎಣ್ಣೆ ಹಾಕಿ ಜೋಡಿಸಿದೆ, ಹಿಡಿ ತಿರುಗಿತು. ಪಕ್ಕದಲ್ಲೊಂದು ಗುಂಡಿ ಇತ್ತು, ಅದನ್ನ ಸರಿಸಿ ದಾರದ ಉರುಳೆ ತಿರುಗಿಸಿದರೆ ಕಿರ್ರ್ ಅಂತ ಸದ್ದು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು. "ರಾತ್ರಿಯೆಲ್ಲ ಇದೇ ಸದ್ದು ಮಾಡ್ಕೊಂಡು ಕೂತಿರೋರು. ಮಗು ಎದ್ದೇಳುತ್ತೆ ಅಂತ ಬೈದು ನಾನೇ ಟ್ರಂಕಿಗೆ ಹಾಕಿಸಿದ್ದು." ಮಗು ಅಂದರೆ ನಾನೇ.

ರೀಲ್ ಮಾರಲ್ಲ. ಗಾಳಗಳನ್ನ ಮುಚ್ಚಳ ಬಿಗಿಮಾಡಿ ಗುಜರಿಗೆ ಕೊಡ್ತೀನಿ, ಸೀಸ ಬೇರೆ ಬಾಟಲಿಗೆ ಹಾಕಿ ಇಟ್ಟುಕೊಂಡಿದ್ದೇನೆ. ಕೋಲಿನ ತುದಿಗೆ ಹಾಕೋ ರಿಂಗ್ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ, ಯಾರಿಗಾದರೂ ಗೊತ್ತಾ?