ಕೋವಿಯ ಕೇಪು ಸಿಡಿದು ಕಣ್ಣಿಗೆ ಬಡಿದರೆ: ಹುಬ್ಬಳ್ಳಿಯ ನೇತ್ರವೈದ್ಯೆಯೊಂದಿಗೆ ಮೊಬೈಲ್ ಸಂದೇಶ ಗುಂಪಿನಲ್ಲಿ ಪ್ರಶ್ನೋತ್ತರ

ಹಾನಗಲ್ಲಿನ ರೈತ: ಬೆಳೆ ಕಾಯಲು ಪರವಾನಗಿ ಇರುವ ಕೇಪಿನ ಕೋವಿ ನಮ್ಮದು. ಕುದುರೆ ಬಡಿದಾಗ ಸಿಡಿದು ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಬಟ್ಟಲೇ ಕೇಪು. ನಿನ್ನೆ ಸಂಜೆ ಹನ್ನೊಂದು ವರ್ಷದ ಮಗ ಒಂದು ಕೇಪನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದ. ಬಲಗಣ್ಣಿನ ಬಿಳಿಯಲ್ಲಿ ಎಳ್ಳುಕಾಳಿನಷ್ಟು ಕೆಂಪು ಚುಕ್ಕೆ. ನೋವಿಲ್ಲ, ಓದುತ್ತಾನೆ. ಎರಡು ದಿನ ನೋಡೋಣವೇ?

ವೈದ್ಯೆ: ಬೇಡ, ಈಗಲೇ ಹೊರಡಿ. ನನಗೆ ಹೆದರಿಕೆ ಹುಟ್ಟಿಸುವುದು ಆ ನೋವಿಲ್ಲದ ಚುಕ್ಕೆಯೇ. ಕೇಪಿನ ಬಟ್ಟಲು ತಾಮ್ರದ್ದು. ಅದರ ಚೂರು ಸೂಜಿಮೊನೆಯಷ್ಟು ಗಾಯ ಮಾಡಿ ಒಳಗೆ ಹೊಕ್ಕರೆ ಗಾಯ ತಾನಾಗಿ ಮುಚ್ಚಿಕೊಳ್ಳಬಹುದು, ಮೊದಲಿಗೆ ದೃಷ್ಟಿಯೂ ಚೆನ್ನಾಗಿರಬಹುದು. ಗಾಜಿನ ಚೂರು ಕಣ್ಣೊಳಗೆ ಎಷ್ಟೋ ವೇಳೆ ತೆಪ್ಪಗಿರುತ್ತದೆ. ಶುದ್ಧ ತಾಮ್ರ ಹಾಗಿರುವುದಿಲ್ಲ, ಬಹುಬೇಗ ಕೀವಿನಂಥ ಉರಿಯೂತ ಎಬ್ಬಿಸುತ್ತದೆ. ಕಣ್ಣು ಉಜ್ಜಲು, ತೊಳೆಯಲು ಬಿಡಬೇಡಿ. ಕಾಗದದ ಚಹಾ ಲೋಟವನ್ನು ಅರ್ಧ ಕತ್ತರಿಸಿ, ಅಂಚು ಕಣ್ಣಿನ ಸುತ್ತಲಿನ ಎಲುಬಿಗಷ್ಟೇ ತಾಗುವಂತೆ ಅಂಟಿಸಿ. ಅರಿವಳಿಕೆ ಬೇಕಾದೀತು, ಏನೂ ತಿನ್ನಿಸಬೇಡಿ. ಸಿ.ಟಿ. ಸ್ಕ್ಯಾನ್ ಬೇಕು, ಒಳಗೆ ಲೋಹವಿಲ್ಲವೆಂದು ಖಚಿತವಾಗುವವರೆಗೆ ಎಂ.ಆರ್.ಐ. ಕೂಡದು.

ಗದಗಿನ ಸದಸ್ಯ: ಎರಡು ಹನಿ ಹರಳೆಣ್ಣೆ ಬಿಟ್ಟರೆ ಚೂರು ತೇಲಿಬರುತ್ತದೆ ಎಂಬ ಸಂದೇಶ ಬಂದಿದೆ.

ವೈದ್ಯೆ: ಬೇಡ.

ರಾಣೇಬೆನ್ನೂರಿನ ಸದಸ್ಯೆ: ಎದೆಹಾಲು?

ವೈದ್ಯೆ: ಅದೂ ಬೇಡ. ತೂತು ಬಿದ್ದ ಕಣ್ಣಿಗೆ ಏನು ಹಾಕಿದರೂ ಸೋಂಕಿಗೆ ದಾರಿ ಮಾಡಿಕೊಟ್ಟಂತೆ. ಆ ಸಂದೇಶಗಳನ್ನು ಅಳಿಸಿ.

ಧಾರವಾಡದ ಸದಸ್ಯ: ಖಾಲಿ ತೋಟಾಗಳಿಗೆ ಮನೆಯಲ್ಲೇ ಪ್ರೈಮರ್, ಅಂದರೆ ತೋಟಾದ ತಳದ ಕೇಪು, ಕೂರಿಸುತ್ತೇನೆ. ಬೇಡವಾದವನ್ನು ಎಣ್ಣೆಯಲ್ಲಿ ನೆನೆಸಿದರೆ ಸಾಯುತ್ತವೆ, ಅಲ್ಲವೇ?

ಗದಗಿನ ನಿವೃತ್ತ ಸೈನಿಕ: ನಂಬಬೇಡಿ. ನೆನೆದದ್ದೂ ಸಿಡಿದೀತು. ಸೀಸೆಯಲ್ಲಿ ಸುರಿದಿಟ್ಟರಂತೂ ಒಂದರ ಹಿಂದೆ ಎಲ್ಲವೂ ಹಾರುತ್ತವೆ. ಬಂದ ಡಬ್ಬಿಯಲ್ಲೇ ಇರಬೇಕು. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಧಾರವಾಡದ ಸದಸ್ಯ: ನಮ್ಮ ತಂದೆಯ ಕಾಲದಿಂದ ಮಾಡುತ್ತಿದ್ದೇವೆ. ನಿಮ್ಮನ್ನು ಕೇಳಿದವರಾರು?

ನಿವೃತ್ತ ಸೈನಿಕ: ಮೇಲಿನ ಹುಡುಗನ ಕಣ್ಣು ಕೇಳುತ್ತಿದೆ.

ಬ್ಯಾಡಗಿಯ ಸದಸ್ಯ: ಪ್ರೈಮರ್ ಕೂರಿಸುವಾಗ ಚಾಳೀಸು ಹಾಕಿಕೊಂಡರೆ ಸಾಕೇ?

ಶಿಗ್ಗಾಂವಿಯ ಸದಸ್ಯೆ: ಪ್ರೈಮರ್ ಮಸಿಯಲ್ಲಿ ಸೀಸ ಇರುತ್ತದಂತೆ. ಮನೆಯಲ್ಲಿ ಗರ್ಭಿಣಿಯಿದ್ದಾಳೆ.

ವೈದ್ಯೆ: ಹೌದು, ಹೆಚ್ಚಿನ ಪ್ರೈಮರ್‌ಗಳ ಸಿಡಿಮದ್ದಿನಲ್ಲಿ ಸೀಸದ ಸ್ಟಿಫ್ನೇಟ್ ಎಂಬ ಸಂಯುಕ್ತ ಇರುತ್ತದೆ, ಮಸಿಗೆ ಸೀಸ ಬರುವುದು ಅದರಿಂದ. ಆಕೆ ಪ್ರೈಮರ್ ಕೂರಿಸುವ ಕೋಣೆಗೆ ಹೋಗಬಾರದು. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ.

ಧಾರವಾಡದ ಸದಸ್ಯ: ಹಾಗಾದರೆ ಹರಳೆಣ್ಣೆ ಕುಡಿಸಿದರೆ ಸೀಸ ಇಳಿಯುತ್ತದೆಯೇ?

ವೈದ್ಯೆ: ಎಲ್ಲರೂ ಸುಮ್ಮನಿರಿ! ಆ ತಂದೆಯ ಸಂದೇಶ ನಿಮ್ಮ ಜಗಳದಲ್ಲಿ ಮುಳುಗುತ್ತಿದೆ. ಹಾನಗಲ್ಲಿನವರೇ, ಹೊರಟಿರಾ?

ಹಾನಗಲ್ಲಿನ ರೈತ: ಬಂಕಾಪುರ ದಾಟಿದೆವು. ಲೋಟ ಅಂಟಿಸುವಾಗ ಮಗ, ಕಣ್ಣ ಮುಂದೆ ಕೂದಲಿನಂಥದ್ದೇನೋ ತೇಲುತ್ತಿದೆ ಅಪ್ಪಾ ಎಂದ.

ವೈದ್ಯೆ: ಲೋಟ ತೆಗೆಯಬೇಡಿ. ನೇರ ತುರ್ತು ವಿಭಾಗಕ್ಕೆ ಬನ್ನಿ, ಬಾಗಿಲಲ್ಲೇ ಇರುತ್ತೇನೆ.