ಭೂತ್ ಜೊಲೋಕಿಯಾ: 24 ದಿನ ಆದ್ರೂ ಒಂದು ಬೀಜವೂ ಮೊಳೆತಿಲ್ಲ!

ಖಾರಪ್ರಿಯ (ಬೆಂಗಳೂರು), ಡಿಸೆಂಬರ್ 27
ತಲೆ ಕೆಟ್ಟುಹೋಗಿದೆ. ಭೂತ್ ಜೊಲೋಕಿಯಾ ಅನ್ನೋ ಭಾರೀ ಖಾರದ ಮೆಣಸಿನಕಾಯಿಯ 20 ಬೀಜ ಹಾಕಿದ್ದೆ, 24 ದಿನ ಆಯ್ತು, ಒಂದೂ ಮೇಲೆ ಬಂದಿಲ್ಲ. ಎಲ್ಲಾ ಸರಿಯಾಗೇ ಮಾಡಿದ್ದೇನೆ. ಟ್ರೇ, ಕೋಕೋಪೀಟ್ (ತೆಂಗಿನ ನಾರಿನ ಹುಡಿ), ದಿನಾ ನೀರು. ಈ ದುಡ್ಡಲ್ಲಿ ಎರಡು ಕೆಜಿ ಒಣಮೆಣಸಿನಕಾಯಿ ಬರ್ತಿತ್ತು ಅಂತ ನಮ್ಮನೆಯವಳು ದಿನಾ ಹಂಗಿಸ್ತಾಳೆ. ಬೀಜವೇ ಮೋಸ ಇರಬಹುದಾ?

ತೆಂಗಿನೂರವ
ಕೋಕೋಪೀಟ್ ತೊಳೆದ್ರಾ? ಅದರಲ್ಲಿ ಉಪ್ಪು ಇರುತ್ತೆ. ಕೋಕೋಪೀಟ್ ಇಟ್ಟಿಗೆ ನೆನೆಸಿ, ಹಿಂಡಿ, ಮೂರು ಸಲ ನೀರು ಬದಲಾಯಿಸಬೇಕು. ನೂರಕ್ಕೆ ನೂರು ಇದೇ ಕಾರಣ.

ಖಾರಪ್ರಿಯ
ಒಂದು ಸಲ ತೊಳೆದೆ ಸಾರ್.

ತೆಂಗಿನೂರವ
ನೋಡಿ, ಅಲ್ಲೇ ಇದೆ. ಉಪ್ಪಿನಂಶ ಅಳೆಯೋ ಇಸಿ ಮೀಟರ್ ಇಟ್ಟು ನೋಡಿ.

ಹಾವೇರಿ ಹುಡುಗ
ಮೀಟರ್ ಎಲ್ಲಾ ಯಾಕ್ರೀ? ಕೆಮ್ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಸಾಕು. ನಮ್ಮಲ್ಲಿ ಬ್ಯಾಡಗಿ ಬೀಜ ಎಂಟೇ ದಿನಕ್ಕೆ ಏಳ್ತದ.

ತೆಂಗಿನೂರವ
ಸಗಣಿ ಗೊಬ್ಬರ ಟ್ರೇಗೆ ಹಾಕಿದ್ರೆ ಸಸಿ ಕತ್ತು ಕೊಳೆತು ಬೀಳುತ್ತೆ. ತಿಪಟೂರಿನವನು ನಾನು, ತೆಂಗಿನ ನಾರಿನ ಹುಡಿ ನೋಡ್ಕೊಂಡೇ ಬೆಳೆದವನು.

ಹಾವೇರಿ ಹುಡುಗ
ಹಸಿ ಸಗಣಿ ಅಂತ ನಾನು ಹೇಳ್ಲೇ ಇಲ್ಲ. ಹಳೇದು ಅಂದೆ. ಓದಿ ಬರೀರಿ.

ಮ್ಯೂನಿಕ್ ಮೆಣಸು
ಬ್ಯಾಡಗಿಗೂ ಇದಕ್ಕೂ ಹೋಲಿಸಬೇಡಿ. ಅದು ಆನ್ಯುಮ್, ಇದು ಚೈನೆನ್ಸ್ ಜಾತಿ. ಚೈನೆನ್ಸ್‌ಗೆ ಎರಡರಿಂದ ಐದು ವಾರ ಹಿಡಿಯುತ್ತೆ. ನಾನು ಇಲ್ಲಿ ಫೆಬ್ರವರಿಯಲ್ಲಿ ಹಾಕ್ತೀನಿ. ಹೀಟ್ ಮ್ಯಾಟ್ 28 ಡಿಗ್ರಿ, ಮೇಲೆ ಎಲ್‌ಇಡಿ ಗ್ರೋ ಲೈಟ್, ಟೈಮರ್. ಈಗ ಹಬನೆರೋ, ಸ್ಕಾಚ್ ಬಾನೆಟ್, ಚಾಕಲೇಟ್ ಜೊಲೋಕಿಯಾ ಸೇರಿ 14 ಬಗೆ ಇದೆ. ಫೋಟೋ ಹಾಕಲಾ?

ಹಾವೇರಿ ಹುಡುಗ
14 ಬಗೆ ಇರ್ಲಿ, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ್ದು ನಮ್ಮ ಬ್ಯಾಡಗಿಗೆ. ಬಣ್ಣ ನೋಡೀರೇನು?

ಮ್ಯೂನಿಕ್ ಮೆಣಸು
ಬಣ್ಣ ಸರಿ, ಖಾರ ಎಲ್ಲಿದೆ? ಜೊಲೋಕಿಯಾ 2007ರಲ್ಲೇ ಗಿನ್ನೆಸ್‌ಗೆ ಹೋಯ್ತು, ಖಾರ ಅಳೆಯೋ ಸ್ಕೋವಿಲ್ ಲೆಕ್ಕದಲ್ಲಿ ಹತ್ತು ಲಕ್ಷ ದಾಟಿ.

ಹಾವೇರಿ ಹುಡುಗ
ಅದನ್ನ ಹಾಕಿ ಸಾರು ಮಾಡಿ ತೋರಿಸ್ರಿ ಮತ್ತೆ.

ಮನೆತೋಟದಕ್ಕ
ಎಲ್ರೂ ಸ್ವಲ್ಪ ನಿಲ್ಲಿ. ಖಾರಪ್ರಿಯ, ಟ್ರೇ ಎಲ್ಲಿಟ್ಟಿದ್ದೀರ?

ಖಾರಪ್ರಿಯ
ಬಾಲ್ಕನಿಯಲ್ಲಿ ಅಕ್ಕಾ. ಗ್ರಾನೈಟ್ ಕಟ್ಟೆ ಮೇಲೆ. ಉತ್ತರ ದಿಕ್ಕು, ಬಿಸಿಲಿನ ಕಾಟ ಇಲ್ಲ.

ಮನೆತೋಟದಕ್ಕ
ಇದನ್ನ ಮೊದ್ಲೇ ಹೇಳ್ಬಾರ್ದಾ! ಡಿಸೆಂಬರ್‌ನಲ್ಲಿ ಆ ಕಲ್ಲು ಬೆಳಗ್ಗೆ ಮುಟ್ಟಿ ನೋಡಿದ್ದೀರಾ?

ಖಾರಪ್ರಿಯ
ಬೆಂಗಳೂರಲ್ಲಿ ಎಲ್ಲಿ ಚಳಿ ಅಕ್ಕಾ? ಮಧ್ಯಾಹ್ನ ಶರ್ಟ್ ಒದ್ದೆಯಾಗುತ್ತೆ.

ಮನೆತೋಟದಕ್ಕ
ರಾತ್ರಿ 15-16ಕ್ಕೆ ಇಳಿಯುತ್ತಲ್ವಾ? ಇದಕ್ಕೆ 25ರಿಂದ 30 ಬೇಕು. ಮೇಲಿಂದ ದಿನಾ ನೀರು ಬೇರೆ. ಹಲ್ಲುಕಡ್ಡಿಯಲ್ಲಿ ಒಂದು ಬೀಜ ಮೆಲ್ಲಗೆ ಎಬ್ಬಿಸಿ, ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ರೆ ಆಸೆ ಇದೆ.

ಖಾರಪ್ರಿಯ, ಡಿಸೆಂಬರ್ 28
ಐದು ಎಬ್ಬಿಸಿದೆ. ಎರಡು ಒತ್ತಿದ ತಕ್ಷಣ ಗಂಜಿ ತರ ಬಿಳಿ ಬಂತು, ಕೆಟ್ಟ ವಾಸನೆ. ಮೂರು ಗಟ್ಟಿ ಇವೆ. ಕಲ್ಲು ಆರು ಗಂಟೆಗೆ ಮುಟ್ಟಿದೆ, ಐಸ್! ಬೀಜ ಮುಕ್ಕಾಲು ಇಂಚು ಆಳದಲ್ಲಿತ್ತು ಅನ್ನೋದೂ ಈಗ ಗೊತ್ತಾಯ್ತು.

ಮನೆತೋಟದಕ್ಕ
ಕಾಲು ಇಂಚು ಸಾಕು. ಟ್ರೇ ಒಳಗೆ ತನ್ನಿ, ಬೆಚ್ಚಗಿರೋ ಸೆಟ್‌ಟಾಪ್ ಬಾಕ್ಸ್ ಮೇಲೆ ಒಂದು ಹಲಗೆ ಇಟ್ಟು ಅದರ ಮೇಲಿಡಿ. ಬಾಕ್ಸ್‌ನ ಗಾಳಿ ಕಿಂಡಿ ಮುಚ್ಚಬೇಡಿ, ಟ್ರೇ ಕೆಳಗೆ ಒಂದು ತಟ್ಟೆ ಇರಲಿ. ಮೇಲೆ ಒಣಗಿದ್ರೆ ಮಾತ್ರ ಸ್ಪ್ರೇ.

ತೆಂಗಿನೂರವ
ಜೊತೆಗೆ ಇನ್ನೆರಡು ಸಲ ತೊಳೀರಿ.

ಖಾರಪ್ರಿಯ, ಜನವರಿ 8
ಬಂತು!! ಕೊಕ್ಕೆ ತರ ಬಗ್ಗಿದ ಬಿಳಿ ಕತ್ತು ಒಂದು. ಇವತ್ತು ನೆಟ್ಟಗಾಗಿದೆ, ಆದ್ರೆ ಬೀಜದ ಸಿಪ್ಪೆ ತಲೆ ಮೇಲೆ ಟೋಪಿ ತರ ಕೂತಿದೆ. ಎಲೆ ಬಿಡಿಸ್ತಿಲ್ಲ. ಎಳೆದುಬಿಡ್ಲಾ?

ತೆಂಗಿನೂರವ
ನೋಡಿದ್ರಾ? ತೊಳೆದ್ರಿ, ಬಂತು.

ಖಾರಪ್ರಿಯ
ತೊಳೀಲೇ ಇಲ್ಲ ಸಾರ್.

ಮನೆತೋಟದಕ್ಕ
ಎಳೀಬೇಡಿ! ಒಂದು ಹನಿ ನೀರು ಬಿಟ್ಟು ಅರ್ಧ ಗಂಟೆ ಕಾಯಿರಿ. ಸಿಪ್ಪೆ ಮೆತ್ತಗಾಗುತ್ತೆ.

ಮ್ಯೂನಿಕ್ ಮೆಣಸು
ನಾನು ಚಿಮುಟದಲ್ಲಿ ತೆಗೀತೀನಿ, ಏನೂ ಆಗಲ್ಲ. ನನ್ನ ಚಿಮುಟ ಸೆಟ್ ಫೋಟೋ ಹಾಕ್ತೀನಿ ಇರಿ.

ಖಾರಪ್ರಿಯ
ಟೋಪಿ ಜೊತೆ ತಲೆಯೂ ಬಂತು.