20×30 ಸೈಟಿನ ಕರ್ಣ ಭಾಗಲಬ್ಧವೋ ಅಭಾಗಲಬ್ಧವೋ?

ವಿಜಯನಗರದ ಅಮ್ಮ:
ಮಗಳು ಹತ್ತನೇ ಕ್ಲಾಸು. ವರ್ಗಮೂಲ ನೋಡಿ ಭಾಗಲಬ್ಧವೋ (ಅಂದರೆ ಪೂರ್ಣಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯಬಹುದೋ) ಅಲ್ಲವೋ ಹೇಳುವ ಲೆಕ್ಕ ನಡೆಯುತ್ತಿದೆ. ನಮ್ಮದು 30×40 ಸೈಟು, ಪಕ್ಕದವರದು 20×30. ಎರಡರ ಕರ್ಣ ಹೇಳು ಅಂದೆ. ನಮ್ಮದು √(30²+40²), ಅಂದರೆ √2500, ಸರಿಯಾಗಿ 50 ಅಡಿ. ಪಕ್ಕದ್ದು √1300. ಭಾಗಾಕಾರ ಕ್ರಮದಲ್ಲಿ 36.0555ವರೆಗೆ ಮಾಡಿ, ‘5 ಆವರ್ತವಾಗುತ್ತಿದೆ, ಭಾಗಲಬ್ಧ’ ಅಂತ ಬರೆದಳು. ಮೊಬೈಲಿನಲ್ಲಿ ನೋಡಿದರೆ 36.05551275. ‘ಇನ್ನೂ ಮುಂದೆ ಎಲ್ಲೋ ಆವರ್ತ ಶುರುವಾಗಬಹುದು ಅಲ್ವಾ?’ ಅಂತ ಈಗ ವಾದ. ಏನು ಹೇಳಲಿ?

ನಿವೃತ್ತ ಮೇಷ್ಟ್ರು:
ಒಳ್ಳೆಯ ವಾದವೇ ಅಮ್ಮ. ಎಷ್ಟು ಅಂಕಿ ಬರೆದರೂ ಅದಕ್ಕೆ ಉತ್ತರ ಸಿಗುವುದಿಲ್ಲ. ಮೊಬೈಲ್ ಪಕ್ಕಕ್ಕಿಟ್ಟು 1300ನ್ನು ಅವಿಭಾಜ್ಯಗಳಾಗಿ ಒಡೆಯಿರಿ: 2×2×5×5×13. 2ಕ್ಕೆ ಜೋಡಿ ಇದೆ, 5ಕ್ಕೂ ಇದೆ. 13 ಒಂಟಿ. ಒಂದು ಒಂಟಿ ಉಳಿದರೂ ಸಾಕು, ವರ್ಗಮೂಲ ಅಭಾಗಲಬ್ಧ.

ಯಾಕೆ ಅಂತ ಕೇಳಿಯೇ ಕೇಳುತ್ತಾಳೆ. √1300 = ಕ/ಖ ಅಂತಿಟ್ಟುಕೊಳ್ಳಿ, ಎರಡೂ ಪೂರ್ಣಸಂಖ್ಯೆ. ಆಗ ಕ² = 1300×ಖ². ಪೂರ್ಣಸಂಖ್ಯೆಯ ವರ್ಗವನ್ನು ಒಡೆದರೆ 13 ಬಂದರೂ ಸಮ ಸಲವೇ ಬರುತ್ತದೆ. ಎಡಗಡೆ ಹಾಗೇ ಇದೆ. ಬಲಗಡೆ ಖ²ದಲ್ಲಿ ಸಮ ಸಲ, ಮೇಲೆ 1300ರ ಆ ಒಂದು 13. ಬೆಸವಾಯಿತು. ಒಂದೇ ಸಂಖ್ಯೆ ಎರಡು ಥರ ಒಡೆಯುವುದಿಲ್ಲ. ಹಾಗಾಗಿ ಅಂಥ ಭಿನ್ನರಾಶಿಯೇ ಇಲ್ಲ. ಆವರ್ತವಾಗುವ ದಶಮಾಂಶ ಯಾವುದಾದರೂ ಭಿನ್ನರಾಶಿಯೇ ಆಗಿರುತ್ತದೆ; ಭಿನ್ನರಾಶಿ ಇಲ್ಲ ಅಂದಮೇಲೆ ಆವರ್ತವೂ ಇಲ್ಲ, ಎಷ್ಟು ಮುಂದೆ ಹೋದರೂ.

ಇನ್ನೊಂದು ಮಜಾ. 5 ನಿಜವಾಗಿಯೂ ಆವರ್ತವಾಗಿದ್ದರೆ ಆ ಸಂಖ್ಯೆ 649/18. ಅದರ ವರ್ಗ 421201/324. ಸರಿಯಾಗಿ 1300 ಆಗಲು ಮೇಲೆ 421200 ಬೇಕಿತ್ತು. ಒಂದೇ ಒಂದು ಜಾಸ್ತಿ! 649, 18ರಂತೆ ಹೀಗೆ ಒಂದೇ ವ್ಯತ್ಯಾಸ ಬರುವ ಸಂಖ್ಯೆಗಳನ್ನು ಹುಡುಕುವ ಚಕ್ರವಾಳ ಕ್ರಮವನ್ನು ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ.

ಕೆಂಗೇರಿ ಸೈಟ್ ಇಂಜಿನಿಯರ್:
30×40 ಅಂದ್ರೆ ನಮ್ಮ ಮೇಸ್ತ್ರಿಗಳಿಗೆ ಖುಷಿ. ಕರ್ಣಕ್ಕೆ ಟೇಪ್ ಹಿಡಿದು 50 ಬಂದರೆ ಮೂಲೆಮಟ್ಟ ಸರಿ. 20×30ಕ್ಕೆ 36 ಅಡಿ, ಮೇಲೆ ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ. ಅಭಾಗಲಬ್ಧ ಅಂತ ಯಾರೂ ಪಾಯ ನಿಲ್ಲಿಸಿಲ್ಲ.

ಡಿಪ್ಲೊಮಾ ಹುಡುಗ:
ಸರ್, ದಶಮಾಂಶ ಕೊಟ್ಟರೆ? √0.4ಕ್ಕೆ ನಮ್ಮ ಕ್ಲಾಸಲ್ಲಿ ಅರ್ಧ ಜನ 0.2 ಅಂತಾರೆ.

ನಿವೃತ್ತ ಮೇಷ್ಟ್ರು:
0.2 ಆಗುವುದು √0.04. 0.4 ಅಂದರೆ 2/5, ಮೇಲೂ ಒಂಟಿ, ಕೆಳಗೂ ಒಂಟಿ, ಅಭಾಗಲಬ್ಧ. ಒಡೆಯುವ ಮೊದಲು ಭಿನ್ನರಾಶಿಯನ್ನು ಪೂರ್ತಿ ಸಂಕ್ಷೇಪಿಸಿ. √(8/18) ನೋಡಲು ಕೆಟ್ಟದಾಗಿದೆ, ಆದರೆ ಒಳಗಿರುವುದು 4/9. ಉತ್ತರ 2/3.

ವಿಜಯನಗರದ ಅಮ್ಮ:
ಥ್ಯಾಂಕ್ಸ್ ಸರ್. 40×60 ಅವಳೇ ಮಾಡಿದಳು: 5200ರಲ್ಲಿ 2 ನಾಲ್ಕು ಸಲ, 5 ಎರಡು ಸಲ, 13 ಮತ್ತೆ ಒಂಟಿ. 30×50ರಲ್ಲಿ 2, 17 ಎರಡಕ್ಕೂ ಜೋಡಿ ಪೂರ್ತಿ ಇಲ್ಲ. ನಮ್ಮ ಸೈಟಿನ ಥರ ಕರ್ಣ ಪೂರ್ತಿ ಬರುವುದು ಬೇರೆ ಇದೆಯಾ ಅಂತ ಕೇಳುತ್ತಿದ್ದಾಳೆ.

ನಿವೃತ್ತ ಮೇಷ್ಟ್ರು:
50×120 ಕೊಡಿ. 130 ಬರುತ್ತದೆ. ಬೆಂಗಳೂರಲ್ಲಿ ಅದನ್ನು ಕೊಳ್ಳುವುದು ಬೇರೆ ಲೆಕ್ಕ.